ಇಲ್ಲದ ಕಾಲಿನ ನೋವಿಗೆ ಹಿಪ್ನೋಸಿಸ್ ಮಾಡಿಸಬಹುದಾ?

ನಮ್ಮದು ಬಾಗಲಕೋಟೆ ಹತ್ತಿರದ ಹಳ್ಳಿ. ಕಬ್ಬಿನ ಟ್ರ್ಯಾಕ್ಟರ್ ಉರುಳಿ ಅಪ್ಪನ ಬಲಗಾಲು ಹೋಯಿತು. ಈಗಲೂ ರಾತ್ರಿ ಎದ್ದು ಕೂತು, ಹೆಬ್ಬೆರಳು ಉರಿಯುತ್ತಿದೆ ಎನ್ನುತ್ತಾರೆ. ಕಾಲಿಲ್ಲದ ಕಡೆ ಕೌದಿಯನ್ನೇ ತಿಕ್ಕುತ್ತಾರೆ. ನೋಡೋಕೆ ಆಗಲ್ಲ. ಡಾಕ್ಟರ್ ಹಿಪ್ನೋಸಿಸ್, ಅಂದರೆ ಮಾತಿನ ಸೂಚನೆ ಕೊಟ್ಟು ಮಾಡುವ ಸಮ್ಮೋಹನ, ಮಾಡಿಸಿ ಅಂದರು. ಅವ್ವ ಅದು ಮಾಟ ಅಂತ ಹೆದರಿದ್ದಾಳೆ.

ಉತ್ತರ, ಬೆಳಗಾವಿಯಿಂದ:
ಮಾಟ ಅಲ್ಲ ಅಣ್ಣಾ, ಎಚ್ಚರ ಇದ್ದೇ ಇರುತ್ತದೆ. 1997ರಲ್ಲಿ ರೈನ್‌ವಿಲ್ ಎಂಬ ಸಂಶೋಧಕರ ತಂಡ ಹಿಪ್ನೋಸಿಸ್‌ನಲ್ಲಿದ್ದವರ ಕೈಯನ್ನು ಬಿಸಿ ನೀರಿನಲ್ಲಿ ಇಡಿಸಿತು. ನೀರಿನ ಬಿಸಿ ಬದಲಾಗಲಿಲ್ಲ. ಆದರೆ ಸಂಕಟ ಕಡಿಮೆ ಎಂದು ಸೂಚಿಸಿದಾಗ ನೋವಿನ ಸಂಕಟಕ್ಕೆ ಸಂಬಂಧಿಸಿದ, ಮೆದುಳಿನ ಸಿಂಗ್ಯುಲೇಟ್ ಎಂಬ ಭಾಗದ ಚಟುವಟಿಕೆಯೂ ಇಳಿಯಿತು.

ಉತ್ತರ, ವಿಜಯಪುರದಿಂದ:
ಕಾಲು ಹೋದರೂ ಮೆದುಳಿನಲ್ಲಿ ಅದರ ನಕ್ಷೆ ಉಳಿದಿರುತ್ತದೆ. ನರವಿಜ್ಞಾನಿ ರಾಮಚಂದ್ರನ್ ಅವರ ಕನ್ನಡಿ ಚಿಕಿತ್ಸೆಯನ್ನೂ ಕೇಳಿ; ಇರುವ ಕಾಲಿನ ಬಿಂಬವನ್ನು ಇಲ್ಲದ ಕಾಲಿನ ಜಾಗದಲ್ಲಿ ಕಾಣುವಂತೆ ಮಾಡುತ್ತಾರೆ. ಮಾತ್ರೆ ಮಾತ್ರ ಸುಮ್ನೆ ನಿಲ್ಲಿಸಬೇಡಿ.

ಕೇಳಿದವರು:
ಅವ್ವನಿಗೆ ಓದಿ ಹೇಳಿದೆ. ಸೋಮವಾರ ಡಾಕ್ಟರ್ ಹತ್ತಿರ ತಾನೂ ಬರುತ್ತಾಳಂತೆ.