ರಂಗಶಾಲೆ ಆಯ್ಕೆ: ಒಬ್ಬರೇ ಮಾಡುವ ಸಂಭಾಷಣೆಗೆ ತಯಾರಿ ಹೇಗೆ?

ಹಾವೇರಿ_ರಂಗಾಸಕ್ತೆ
ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿ, ಮೈಸೂರಿನ ರಂಗಾಯಣ, ಈ ಮೂರೂ ಕಡೆಯ ರಂಗಶಾಲೆಗಳ ಒಂದು ವರ್ಷದ ಕೋರ್ಸಿಗೆ ಅರ್ಜಿ ಹಾಕಬೇಕು ಅಂತಿದೀನಿ. ಕಾಲೇಜು ನಾಟಕ ಮಾಡಿದೀನಿ, ಆದರೆ ಆಯ್ಕೆಲಿ ಕೇಳೋ ಹಾಗೆ ಒಬ್ಬಳೇ ನಿಂತು ಮಾಡಿ ಗೊತ್ತಿಲ್ಲ. ಸಂಭಾಷಣೆ ಎಷ್ಟು ಉದ್ದ ಇರಬೇಕು? ಒಂದು ಸಾಕಾ? ಗೆಳತಿಯರು "ವಾಕ್ಯದ ಕೊನೆ ಕೇಳಿಸ್ತಿಲ್ಲ" ಅಂತಾರೆ.

ನೇಪಥ್ಯ
ನಿಮ್ಮ ಗೆಳತಿಯರ ಕಿವಿ ಚುರುಕಾಗಿದೆ. ಮೊದಲು ಅದನ್ನೇ ತಿದ್ದಿಕೊಳ್ಳಿ.

ಕನ್ನಡದಲ್ಲಿ ಕ್ರಿಯಾಪದ ಬರುವುದೇ ವಾಕ್ಯದ ಕೊನೆಗೆ. 'ಇಲ್ಲ', 'ಬೇಡ', 'ಬಾರದು' ಎಲ್ಲ ಅಲ್ಲೇ. ಉಸಿರು ಖಾಲಿಯಾಗುವುದೂ ಅಲ್ಲೇ. "ನಾನು ನಿನ್ನ ಜೊತೆ ಬರುವುದಿಲ್ಲ" ಎನ್ನುವಾಗ ಕೊನೆಯ 'ಇಲ್ಲ' ನುಂಗಿದರೆ ಹಿಂದಿನ ಸಾಲಿನಲ್ಲಿ ಕೂತವರಿಗೆ ಅರ್ಥವೇ ತಿರುಗಿಬಿಡುತ್ತದೆ. ಸಂಭಾಷಣೆಯನ್ನು ಕೈಯಲ್ಲಿ ಬರೆದುಕೊಂಡು ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಉಸಿರು ತೆಗೆದುಕೊಳ್ಳುವಲ್ಲಿ ಓರೆಗೆರೆ ಹಾಕಿ. ಅದು ಅರ್ಥ ನಿಲ್ಲುವ ಜಾಗವಾಗಿರಲಿ, 'ಆದ್ದರಿಂದ', 'ಅಂತ' ಮುಂತಾದವು ಆದಮೇಲೆ. ಮೊಬೈಲನ್ನು 20 ಅಡಿ ದೂರದಲ್ಲಿಟ್ಟು ರೆಕಾರ್ಡ್ ಮಾಡಿ. ಮರುದಿನ ಕಾಗದ ನೋಡದೆ ಕೇಳುತ್ತಾ ಬರೀ ಕ್ರಿಯಾಪದಗಳನ್ನು ಬರೆದುಕೊಳ್ಳಿ. ಸ್ಪಷ್ಟವಾಗಿ ಕೇಳಿಸದ ಕಡೆ ಓರೆಗೆರೆಯನ್ನು ಒಂದೆರಡು ಪದ ಹಿಂದಕ್ಕೋ ಮುಂದಕ್ಕೋ ಸರಿಸಿ ನೋಡಿ. ಕೊನೆಯ ಪದವನ್ನು ಒತ್ತಿ ಕೂಗಬೇಡಿ, ಆಗ ಪ್ರತಿ ವಾಕ್ಯವೂ ಆಜ್ಞೆಯಂತೆ ಕೇಳುತ್ತದೆ. ಬೇಕಾಗಿರುವುದು ಉಳಿಸಿಕೊಂಡ ಗಾಳಿ.

ಉದ್ದ 2 ನಿಮಿಷ, ಸುಮಾರು 180ರಿಂದ 200 ಪದ. ಎರಡು ತಯಾರು ಮಾಡಿ: ಒಂದು ಗ್ರಾಂಥಿಕ ಕನ್ನಡದ್ದು, ಇನ್ನೊಂದು ನಿಮ್ಮ ಹಾವೇರಿ ಕಡೆಯ ಮಾತಿನದು. ಎರಡೂ ಗೋಳಿನವು ಬೇಡ. ಮೊದಲನೆಯದರಲ್ಲಿ ಅಲ್ಪಪ್ರಾಣ, ಮಹಾಪ್ರಾಣ, ಶ-ಷ-ಸ ಸ್ವಚ್ಛವಾಗಿರಬೇಕು. ಆಯ್ದುಕೊಂಡ ನಾಟಕವನ್ನು ಪೂರ್ತಿ ಓದಿ, "ಈ ಮಾತಿಗೆ ಮುಂಚೆ ಏನಾಯಿತು?" ಎಂದು ಆಯ್ಕೆಗಾರರು ಕೇಳಿಯೇ ಕೇಳುತ್ತಾರೆ.

ತಾಲೀಮು_ಮನೆ
ಮೇಲಿನದಕ್ಕೆ ಸೇರಿಸುವುದು ಸ್ವಲ್ಪ. ಬಹಳ ಜನ ಮೊದಲ ಸಾಲನ್ನೇ ತಾರಸ್ಥಾಯಿಯಲ್ಲಿ ಎತ್ತಿಕೊಂಡು, ಅರ್ಧಕ್ಕೆ ಬರುವಷ್ಟರಲ್ಲಿ ಏರಲು ಜಾಗವಿಲ್ಲದೆ ಕಿರುಚುತ್ತಾರೆ. ನಿಮ್ಮ ಮಾತಿನ ಸಹಜ ಶ್ರುತಿಯಲ್ಲೇ ಶುರುಮಾಡಿ. ಎದುರಿನ ಪಾತ್ರವನ್ನು ಆಯ್ಕೆಗಾರರ ತಲೆಗಿಂತ ಸ್ವಲ್ಪ ಮೇಲೆ, ಒಂದೇ ಕಡೆ ನಿಲ್ಲಿಸಿಕೊಳ್ಳಿ. ಅವರ ಕಣ್ಣಲ್ಲೇ ಕಣ್ಣಿಟ್ಟರೆ ಅವರಿಗೆ ಬರೆದುಕೊಳ್ಳಲೂ ಆಗದು. ಸಡಿಲ ಹತ್ತಿಬಟ್ಟೆ ಹಾಕಿಕೊಳ್ಳಿ, ಕೂದಲು ಕಟ್ಟಿಕೊಳ್ಳಿ. ಸದ್ದು ಮಾಡುವ ಬಳೆ ಬೇಡ. ಹಾಡಲು ಹೇಳಿದರೆ ಎರಡು ಚರಣ ಸಾಕು, ತಾಳ ತಪ್ಪದಿರಲಿ.

ಹಾವೇರಿ_ರಂಗಾಸಕ್ತೆ
ಧನ್ಯವಾದ ಸರ್. ಕಂಠಪಾಠ ಆದಮೇಲೆ ದಿನಾ ಒಂದೇ ರಾಗದಲ್ಲಿ ಬರ್ತಿದೆ, ಬದಲಾಯಿಸೋಕೆ ಹೋದ್ರೆ ಮಾತೇ ಮರೆಯುತ್ತೆ. ಏನು ಮಾಡಲಿ?

ನೇಪಥ್ಯ
ರಾಗದ ಜೊತೆ ಬಾಯಿಪಾಠ ಮಾಡಿದ್ದರ ಫಲ ಅದು, ಮತ್ತು ಆಯ್ಕೆಯಲ್ಲಿ ದೊಡ್ಡ ತೊಡಕು. "ಇದನ್ನೇ ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಅಂದುಕೊಂಡು ಹೇಳಿ" ಎಂದರೆ ತಕ್ಷಣ ಬದಲಾಯಿಸಬೇಕಾಗುತ್ತದೆ. ಅಲ್ಲಿ ಅವರು ನೋಡುವುದು ನಿಮಗೆ ಕಲಿಸಲು ಆಗುತ್ತದೆಯೇ ಎಂಬುದನ್ನು. ಒಂದು ವಾರ ಭಾವ ಪೂರ್ತಿ ಬಿಟ್ಟು, ಬಟ್ಟೆ ಮಡಚುತ್ತಾ, ಕಸ ಗುಡಿಸುತ್ತಾ ಸಪ್ಪೆಯಾಗಿ ಹೇಳಿ. ಕೈಕೆಲಸದ ಲಯ ಬೇರೆಯಾದಂತೆ ಹಳೆಯ ರಾಗ ಮುರಿಯುತ್ತದೆ. ಆಮೇಲೆ ಪ್ರತಿ ವಾಕ್ಯದ ಪಕ್ಕ ಪಾತ್ರ ಏನು ಮಾಡುತ್ತಿದೆ ಎಂದು ಒಂದೇ ಪದ ಬರೆಯಿರಿ: ಬೇಡುವುದು, ಚುಚ್ಚುವುದು, ಪುಸಲಾಯಿಸುವುದು. ಹೊಸ ಸೂಚನೆ ಬಂದರೆ ಮಾತು ಹಾಗೇ ಇರಲಿ, ಆ ಪದವನ್ನಷ್ಟೇ ಬದಲಿಸಿ.