ಬೆಳಗಾವಿಯಿಂದ ಬೆಂಗಳೂರಿಗೆ ಕ್ವಾಲಿಟಿ ಇಂಜಿನಿಯರ್ ಕೆಲಸ: ನೌಕ್ರಿ ಪೋರ್ಟಲ್‌ನಲ್ಲಿ ಅಪ್ಲೈ ಮಾಡಿದ್ರೂ ಕಾಲ್ ಇಲ್ಲ, ಕನ್ಸಲ್ಟೆನ್ಸಿ ನಂಬಬಹುದಾ?

ಉದ್ಯಮಬಾಗ್ ಕ್ಯೂಸಿ:

ನಮಸ್ಕಾರ್ರೀ ಎಲ್ಲಾರಿಗೂ. ಡಿಪ್ಲೊಮಾ ಮೆಕ್ಯಾನಿಕಲ್, 4 ವರ್ಷ ಅನುಭವ. ಬೆಳಗಾವಿ ಉದ್ಯಮಬಾಗದಾಗ ಮಷಿನ್ ಶಾಪ್ ಒಂದರಾಗ ಕ್ವಾಲಿಟಿ ನೋಡ್ತೀನಿ. ಕಾಸ್ಟಿಂಗ್ ಇನ್‌ವರ್ಡ್ ಇನ್‌ಸ್ಪೆಕ್ಷನ್, ಲೈನ್ ಇನ್‌ಸ್ಪೆಕ್ಷನ್, ಪಿಡಿಐ (ಮಾಲು ಕಳಿಸೋ ಮುಂಚಿನ ತಪಾಸಣೆ) ಎಲ್ಲಾ. ಸಿಎಂಎಂ (ಪಾರ್ಟ್ ಅಳತೆ ತಗಿಯೋ ಮಷಿನ್) ನಡಸ್ತೀನಿ, ಪಿಪಿಎಪಿ (ಪಾರ್ಟ್‌ಗೆ ಕಸ್ಟಮರ್ ಒಪ್ಪಿಗೆ ಪಡಿಯೋ ದಾಖಲೆ) ಫೈಲ್ ಮಾಡೀನಿ. ಈಗ ಸಿಟಿಸಿ (ಕಂಪನಿ ನನ್ನ ಮ್ಯಾಲೆ ವರ್ಷಕ್ಕ ಮಾಡೋ ಒಟ್ಟು ಖರ್ಚು) 3.2 ಲಕ್ಷ, ನೋಟಿಸ್ 30 ದಿನ. ಪೀಣ್ಯ, ಬೊಮ್ಮಸಂದ್ರ, ನರಸಾಪುರ ಎಲ್ಲಾದರೂ ಸರಿ, 4.5 ಲಕ್ಷದ ಆಸುಪಾಸು ಹುಡುಕಾಕತ್ತೀನಿ.

ದಿನಾ ಅಪ್ಲೈ ಮಾಡ್ತೀನಿ, ಕಾಲ್ ಬರೋದು ಬರೇ ಇನ್ಶೂರೆನ್ಸ್ ಸೇಲ್ಸ್‌ನವರದು. ಎಲ್ಲಿ ತಪ್ಪಾಗೇತಿ? ಎರಡನೇದು, ಒಂದು ಕನ್ಸಲ್ಟೆನ್ಸಿಯವರು ರಿಜಿಸ್ಟ್ರೇಷನ್‌ಗೆ 2,500 ಕೇಳ್ತಾರ. ಇನ್ನೊಬ್ಬರು ಕಂಪನಿ ಹೆಸರು ಹೇಳಂಗಿಲ್ಲ, ಆದ್ರ ‘ಒಪ್ಪಿಗೆ ಐತಿ ಅಂತ ಮೇಲ್ ಹಾಕ್ರಿ’ ಅಂತಾರ. ಹಾಕಬೇಕೋ ಬ್ಯಾಡೋ? ಮೂರನೇದು, ಈಗಿನ ಕಂಪನಿಗೆ ಗೊತ್ತಾಗಬಾರದು. ಗೊತ್ತಿದ್ದವರು ಹೇಳ್ರಿ.

---

ಫಿಲ್ಟರ್ ಕಾಫಿ:

ಅಪ್ಲೈ ಬಟನ್ ಮೇಲೆ ಅಷ್ಟು ಭಾರ ಹಾಕಬೇಡಿ. ಕಂಪನಿ, ಕನ್ಸಲ್ಟೆನ್ಸಿ ಇಬ್ಬರೂ ದುಡ್ಡು ಕಟ್ಟಿ ನೌಕ್ರಿಯ ರೆಸ್‌ಡೆಕ್ಸ್ ಅನ್ನೋ ರೆಸ್ಯೂಮೆ ಡೇಟಾಬೇಸ್ ತಗೊಂಡಿರ್ತಾರೆ. ಪೋಸ್ಟಿಂಗ್‌ಗೆ ಬಂದು ಬೀಳೋ ಅರ್ಜಿಗಳಲ್ಲಿ ಹುದ್ದೆಗೆ ಸಂಬಂಧವೇ ಇಲ್ಲದವು ರಾಶಿ ಇರುತ್ತವೆ. ಹಾಗಾಗಿ ಅರ್ಜೆಂಟ್ ಹುದ್ದೆಗೆ ರಿಕ್ರೂಟರ್ ನೇರ ಡೇಟಾಬೇಸ್‌ನಲ್ಲೇ ಹುಡುಕ್ತಾರೆ. ನೀವು ಸಿಗಬೇಕಾದ್ದು ಆ ಹುಡುಕಾಟದಲ್ಲಿ.

ಅಲ್ಲಿ ಆಗೋದು ಇಷ್ಟು: ಕೀವರ್ಡ್ ಹಾಕ್ತಾರೆ, ಅನುಭವ 3ರಿಂದ 6 ವರ್ಷ, ಊರು, ಸಂಬಳದ ಕೆಳಮಿತಿ ಮೇಲ್ಮಿತಿ, ನೋಟಿಸ್ ಪೀರಿಯಡ್, ಕೊನೆಗೆ ಇತ್ತೀಚೆಗೆ ಲಾಗಿನ್ ಆದವರು ಮಾತ್ರ. ಇದರಲ್ಲಿ ಒಂದು ಜರಡಿಯಲ್ಲಿ ಬಿದ್ದರೂ ನಿಮ್ಮ ರೆಸ್ಯೂಮೆ ಯಾರೂ ತೆರೆಯಲ್ಲ. ಚೆನ್ನಾಗಿದೆಯೋ ಕೆಟ್ಟದಾಗಿದೆಯೋ ಅನ್ನೋ ಪ್ರಶ್ನೆಯೇ ಬರಲ್ಲ.

ನಿಮ್ಮ ಕೇಸಲ್ಲಿ ಮೊದಲು ಅನುಮಾನ ಬರೋದು ಊರಿನ ಮೇಲೆ. ಕರೆಂಟ್ ಲೊಕೇಶನ್ ಬೆಳಗಾವಿ ಅಂತಿದ್ದು, ಪ್ರಿಫರ್ಡ್ ಲೊಕೇಶನ್‌ನಲ್ಲಿ ಬೆಂಗಳೂರು ಹಾಕದೆ ಇದ್ರೆ ಅಲ್ಲೇ ಮುಗೀತು. ನರಸಾಪುರ, ವೇಮಗಲ್ ಕಡೆಯ ಹುದ್ದೆಗಳನ್ನ ಕೆಲವರು ಕೋಲಾರ ಅಂತ ಹಾಕ್ತಾರೆ, ಬಿಡದಿಯದನ್ನ ರಾಮನಗರ ಅಂತ. ಅವನ್ನೂ ಸೇರಿಸಿ. ಆದ್ರೆ ಕರೆಂಟ್ ಲೊಕೇಶನ್ನೇ ಬೆಂಗಳೂರು ಅಂತ ಸುಳ್ಳು ಹಾಕಬೇಡಿ. ‘ನಾಳೆ ಬೆಳಿಗ್ಗೆ ಹತ್ತಕ್ಕೆ ಜಿಗಣಿಗೆ ಬನ್ನಿ’ ಅಂದಾಗ ಸಿಕ್ಕಿಬೀಳ್ತೀರಿ.

ಆಮೇಲೆ ಡೆಸಿಗ್ನೇಷನ್. ಕಂಪನಿ ನಿಮಗೆ ‘ಕ್ಯೂಸಿ ಇನ್‌ಚಾರ್ಜ್’, ‘ಜೂನಿಯರ್ ಆಫೀಸರ್’ ಏನಾದ್ರೂ ಕೊಟ್ಟಿರಲಿ, ಹುಡುಕೋರು ಟೈಪ್ ಮಾಡೋದು ‘ಕ್ವಾಲಿಟಿ ಇಂಜಿನಿಯರ್’. ಅನುಭವದ ಭಾಗದಲ್ಲಿ ಅಧಿಕೃತ ಡೆಸಿಗ್ನೇಷನ್ ಹಾಗೇ ಇರಲಿ, ವೆರಿಫಿಕೇಶನ್‌ಗೆ ಅದೇ ಬೇಕು. ಮೇಲಿನ ಹೆಡ್‌ಲೈನ್‌ನಲ್ಲಿ ಮಾರುಕಟ್ಟೆಯ ಹೆಸರು ಬರಲಿ: ಕ್ವಾಲಿಟಿ ಇಂಜಿನಿಯರ್, 4 ವರ್ಷ, ಮಷಿನಿಂಗ್ ಮತ್ತು ಕಾಸ್ಟಿಂಗ್, ಸಿಎಂಎಂ, ಪಿಪಿಎಪಿ, ಎಸ್‌ಪಿಸಿ (ಅಂಕಿಅಂಶದಿಂದ ಪ್ರೊಸೆಸ್ ಹಿಡಿತ), ಎಂಎಸ್‌ಎ (ಅಳತೆ ವಿಧಾನದ ಪರೀಕ್ಷೆ), ಐಎಟಿಎಫ್ 16949 (ವಾಹನ ಉದ್ಯಮದ ಕ್ವಾಲಿಟಿ ಮಾನದಂಡ), ನೋಟಿಸ್ 30 ದಿನ. ಪೋರ್ಟಲ್‌ನಲ್ಲಿ ಇದೆಲ್ಲ ಇಂಗ್ಲಿಷ್‌ನಲ್ಲೇ ಇರಬೇಕು. ಗೊತ್ತಿಲ್ಲದ್ದನ್ನ ಸೇರಿಸಬೇಡಿ ಅಷ್ಟೆ.

ಇನ್ಶೂರೆನ್ಸ್ ಕಾಲ್ ಬರ್ತಿದೆ ಅಂದ್ರೆ ಕೀ ಸ್ಕಿಲ್ಸ್ ಒಮ್ಮೆ ತೆಗೆದು ನೋಡಿ. ಎಂಎಸ್ ಆಫೀಸ್, ಟೀಮ್ ವರ್ಕ್, ಕಮ್ಯುನಿಕೇಶನ್ ಅಂತ ತುಂಬಿಸಿದ್ದರೆ ಸೇಲ್ಸ್‌ನವರ ಹುಡುಕಾಟಕ್ಕೆ ನೀವು ಸರಿಯಾಗಿ ಸಿಗ್ತೀರಿ. ಅವನ್ನ ಅಳಿಸಿ. ಡಿಪಾರ್ಟ್‌ಮೆಂಟ್, ರೋಲ್ ಅನ್ನೋ ಕಾಲಂಗಳೂ ಪ್ರೊಡಕ್ಷನ್/ಕ್ವಾಲಿಟಿ ಕಡೆಗೇ ಇವೆಯಾ ನೋಡಿ. ಪ್ರೊಫೈಲ್ ಮೊದಲ ಸಲ ಮಾಡಿದಾಗ ಏನೋ ಒಂದು ಒತ್ತಿ ಮುಂದೆ ಹೋಗಿರ್ತೀವಿ, ಅದೇ ಉಳಿದಿರುತ್ತೆ.

ವಾರಕ್ಕೆ ಎರಡು ಮೂರು ಸಲ, ಕೆಲಸದ ದಿನ ಬೆಳಿಗ್ಗೆ ಆಫೀಸು ತೆರೆಯೋ ಮುಂಚೆ ಲಾಗಿನ್ ಆಗಿ ಒಂದು ಸಾಲು ತಿದ್ದಿ ಸೇವ್ ಮಾಡಿ. ‘ಆ್ಯಕ್ಟಿವ್’ ಪಟ್ಟಿಯಲ್ಲಿ ಇರೋಕೆ ಅಷ್ಟು ಸಾಕು. ಗಂಟೆಗೊಂದು ಸಲ ಅಪ್‌ಡೇಟ್ ಮಾಡೋದು, ದುಡ್ಡು ಕೊಟ್ಟು ‘ಹೈಲೈಟ್’ ಮಾಡಿಸೋದು ನಿಮ್ಮ ಅನುಭವದವರಿಗೆ ಬೇಕಾಗಿಲ್ಲ. ಫಿಲ್ಟರ್‌ನಲ್ಲೇ ಬೀಳೋ ಪ್ರೊಫೈಲನ್ನ ಹೈಲೈಟ್ ಮಾಡಿ ಏನು ಬಂತು?

ಮೂರನೇ ಪ್ರಶ್ನೆಗೆ: ನೌಕ್ರಿ ಸೆಟ್ಟಿಂಗ್ಸ್‌ನಲ್ಲಿ ಕಂಪನಿ ಬ್ಲಾಕ್ ಮಾಡೋ ಆಯ್ಕೆ ಇದೆ. ಈಗಿನ ಕಂಪನಿ ಹೆಸರು, ಅದರ ಗ್ರೂಪ್ ಕಂಪನಿಗಳ ಹೆಸರು ಎಲ್ಲಾ ಹಾಕಿ. ಲಿಂಕ್ಡ್‌ಇನ್‌ನಲ್ಲಿ ‘ಓಪನ್ ಟು ವರ್ಕ್’ ಇಟ್ಟರೆ ‘ರಿಕ್ರೂಟರ್‌ಗಳಿಗೆ ಮಾತ್ರ’ ಆರಿಸಿ. ಫೋಟೋ ಸುತ್ತ ಹಸಿರು ಪಟ್ಟಿ ಬರೋದು ಎಲ್ಲರಿಗೂ ಕಾಣೋ ಆಯ್ಕೆ. ಆದ್ರೆ ಪೂರ್ತಿ ಗುಟ್ಟು ಅನ್ನೋ ಗ್ಯಾರಂಟಿ ಎಲ್ಲೂ ಇಲ್ಲ. ನಿಮ್ಮ ಕಂಪನಿಗೇ ಜನ ಹುಡುಕಿಕೊಡೋ ಕನ್ಸಲ್ಟೆನ್ಸಿಗೆ ನೀವು ಕಾಣ್ತೀರಿ, ಬೆಳಗಾವಿಯಂಥ ಊರಲ್ಲಿ ಇದು ದೂರದ ಮಾತಲ್ಲ.

---

ಬೋರ್ ಗೇಜ್:

ಮೇಲಿನವರು ಸಿಗೋದು ಹೇಗೆ ಅಂದ್ರು. ಸಿಕ್ಕ ಮೇಲೆ ರೆಸ್ಯೂಮೆ ತೆರೆದಾಗಿನ ವಿಷಯ ನಾನು ಹೇಳ್ತೀನಿ.

ಎರಡು ಪುಟ, ಒಂದೇ ಕಾಲಂ, ವರ್ಡ್ ಅಥವಾ ವರ್ಡ್‌ನಿಂದಲೇ ಮಾಡಿದ ಪಿಡಿಎಫ್. ಫೋನಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡವೇ ಬೇಡ, ಅದು ಬರೀ ಚಿತ್ರ, ಒಳಗಿನ ಅಕ್ಷರ ಸಾಫ್ಟ್‌ವೇರ್‌ಗೆ ಸಿಗದೆ ಹೋಗಬಹುದು. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ಎಲ್ಲಾ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಸಾಲುಗಳು ಸರಿಯಾದ ಕ್ರಮದಲ್ಲಿ ಬಂದ್ರೆ ಪಾಸ್. ಟೇಬಲ್, ಟೆಕ್ಸ್ಟ್ ಬಾಕ್ಸ್, ಎಡಬಲ ಕಾಲಂ ಹಾಕಿದ್ರೆ ಕಂಪನಿ ಹೆಸರು ಒಂದು ಕಡೆ, ವರ್ಷ ಇನ್ನೊಂದು ಕಡೆ ಚೆಲ್ಲಾಪಿಲ್ಲಿ ಆಗಿರುತ್ತೆ. ಫೋನ್ ನಂಬರನ್ನ ಹೆಡರ್ ಒಳಗೆ ಇಡಬೇಡಿ, ಎಷ್ಟೋ ಸಾಫ್ಟ್‌ವೇರ್ ಹೆಡರ್ ಓದಲ್ಲ.

ತಂದೆ ಹೆಸರು, ಜಾತಿ, ಆಧಾರ್ ನಂಬರ್, ‘ಮೇಲಿನ ಮಾಹಿತಿ ಸತ್ಯ’ ಅನ್ನೋ ಡಿಕ್ಲರೇಷನ್ ಎಲ್ಲಾ ತೆಗೀರಿ. ಆ ಜಾಗದಲ್ಲಿ ಕೆಲಸ ಬರಲಿ.

ಕ್ವಾಲಿಟಿಯವರ ರೆಸ್ಯೂಮೆಯಲ್ಲಿ ‘ಸಿಎಂಎಂ ಗೊತ್ತು’ ಅಂತ ಬರೆದರೆ ಅದರಿಂದ ಏನೂ ತಿಳಿಯಲ್ಲ. ರೆಡಿ ಪ್ರೋಗ್ರಾಂ ಓಡಿಸಿ ರಿಪೋರ್ಟ್ ತೆಗೆಯೋದಾ, ಡ್ರಾಯಿಂಗ್ ನೋಡಿ ಡೇಟಮ್ ಅಲೈನ್‌ಮೆಂಟ್ ಮಾಡಿ ಪ್ರೋಗ್ರಾಂ ಬರೆಯೋದಾ? ಎರಡಕ್ಕೂ ಸಂಬಳ ಬೇರೆ. ಸಾಫ್ಟ್‌ವೇರ್ ಹೆಸರು ಹಾಕಿ: ಪಿಸಿ-ಡಿಎಂಐಎಸ್ ಅಥವಾ ಕ್ಯಾಲಿಪ್ಸೊ, ಯಾವುದೋ ಅದು. ಹಾಗೇ ‘ಪಿಪಿಎಪಿ ಮಾಡಿದ್ದೇನೆ’ ಬದಲು ಯಾವ ಲೆವೆಲ್, ಕಂಟ್ರೋಲ್ ಪ್ಲಾನ್ ಮತ್ತು ಪಿಎಫ್‌ಎಂಇಎ (ಪ್ರೊಸೆಸ್‌ನಲ್ಲಿ ಎಲ್ಲೆಲ್ಲಿ ತಪ್ಪಾಗಬಹುದು ಅನ್ನೋ ಪಟ್ಟಿ) ನೀವೇ ಬರೆದಿರಾ ಅಥವಾ ಬರೀ ಡೈಮೆನ್ಷನಲ್ ರಿಪೋರ್ಟ್ ಮಾತ್ರವಾ ಅನ್ನೋದು ಸ್ಪಷ್ಟ ಇರಲಿ. ರಿಜೆಕ್ಷನ್ ಇಳಿಸಿದ್ದರೆ ಎಷ್ಟಿತ್ತು, ಎಷ್ಟಾಯ್ತು ಎರಡೂ ಅಂಕಿ ಬರಲಿ. ಜೊತೆಗೆ ಯಾವ ಪಾರ್ಟ್, ಬ್ಲೋ ಹೋಲಾ, ಕೋರ್ ಶಿಫ್ಟಾ, ಬೋರ್ ಓವರ್‌ಸೈಜಾ, ಏನು ಬದಲಾಯಿಸಿದ್ರಿ, ಇಷ್ಟಕ್ಕೆ ಬಾಯಲ್ಲಿ ಉತ್ತರ ರೆಡಿ ಇಟ್ಟುಕೊಳ್ಳಿ. ಪ್ಲಾಂಟಿನ ಕ್ವಾಲಿಟಿ ಹೆಡ್ ಮೊದಲು ಕೆದಕೋದು ಅಲ್ಲೇ.

ಕಸ್ಟಮರ್ ಡ್ರಾಯಿಂಗ್, ರಿಪೋರ್ಟ್ ಸ್ಯಾಂಪಲ್ ಅಂತ ಲಗತ್ತಿಸಬೇಡಿ. ಅದು ನಿಮ್ಮ ಸ್ವತ್ತಲ್ಲ, ನೋಡಿದವರಿಗೂ ನಾಳೆ ನಮ್ಮದನ್ನೂ ಹೀಗೇ ಹಂಚ್ತಾನೆ ಅನ್ಸುತ್ತೆ.

---

ಪೇರೋಲ್ ಪುರಾಣ:

2,500 ಕೊಡಬೇಡಿ. ಲೆಕ್ಕ ನೋಡಿ. ಕನ್ಸಲ್ಟೆನ್ಸಿಗೆ ಫೀ ಕೊಡೋದು ಕಂಪನಿ. ಸಾಮಾನ್ಯ ದರ ವಾರ್ಷಿಕ ಸಿಟಿಸಿಯ 8.33%, ಅಂದ್ರೆ ಒಂದು ತಿಂಗಳ ಸಂಬಳ. ನೀವು 4.5 ಲಕ್ಷಕ್ಕೆ ಸೇರಿದ್ರೆ ಅವರಿಗೆ ಸುಮಾರು 37,500. ನಿಜವಾಗಿ ಹುದ್ದೆ ಕೈಯಲ್ಲಿ ಇರೋರು 2,500ಕ್ಕೆ ನಿಮ್ಮ ಹಿಂದೆ ಬೀಳಲ್ಲ. ರಿಜಿಸ್ಟ್ರೇಷನ್, ಗೇಟ್ ಪಾಸ್, ಯೂನಿಫಾರಂ, ಮೆಡಿಕಲ್, ‘ವಾಪಸ್ ಕೊಡೋ’ ಡೆಪಾಸಿಟ್, ಹೆಸರು ಏನೇ ಇರಲಿ, ಸೇರೋ ಮುಂಚೆ ಅಭ್ಯರ್ಥಿ ಹತ್ತಿರ ದುಡ್ಡು ಕೇಳಿದ್ರೆ ಅಲ್ಲಿಗೆ ಬಿಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಕೊಡಬೇಡಿ, ತೋರಿಸಿ ವಾಪಸ್ ತಗೊಳ್ಳಿ. ದುಡ್ಡು ಹೋಗೇ ಹೋಯ್ತು ಅಂದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ಖಾತೆಯಲ್ಲೇ ದುಡ್ಡು ತಡೆಯೋ ಸಾಧ್ಯತೆ ಹೆಚ್ಚು.

ಕಂಪನಿ ಹೆಸರು ಹೇಳದವರ ವಿಷಯ ಬೇರೆ. ಮೊದಲ ಕಾಲ್‌ನಲ್ಲೇ ಹೆಸರು ಹೇಳದಿರೋದು ಮೋಸ ಅಂತಲ್ಲ, ನೀವು ನೇರವಾಗಿ ಹೋಗಿ ಅಪ್ಲೈ ಮಾಡ್ತೀರಿ ಅನ್ನೋ ಭಯ ಅವರಿಗೆ. ಆದ್ರೆ ಒಪ್ಪಿಗೆಯ ಮೇಲ್ ಹಾಕೋ ಹೊತ್ತಿಗೆ ಹೆಸರು ಬರಲೇಬೇಕು. ಯಾಕಂದ್ರೆ ಒಂದೇ ಹುದ್ದೆಗೆ ಎರಡು ಕನ್ಸಲ್ಟೆನ್ಸಿಯಿಂದ ನಿಮ್ಮ ರೆಸ್ಯೂಮೆ ಹೋದರೆ ಕಂಪನಿಯ ಸಿಸ್ಟಂನಲ್ಲಿ ಡೂಪ್ಲಿಕೇಟ್ ಅಂತ ಬರುತ್ತೆ. ಸಾಮಾನ್ಯವಾಗಿ ಮೊದಲು ಕಳಿಸಿದವರದ್ದು ಲೆಕ್ಕಕ್ಕೆ, ಆ ಹಕ್ಕು ಎಷ್ಟೋ ಕಡೆ 6 ತಿಂಗಳು ನಡೆಯುತ್ತೆ. ಇಬ್ಬರೂ ಜಗಳಕ್ಕೆ ನಿಂತ್ರೆ ಎಚ್‌ಆರ್ ತಲೆನೋವು ಬೇಡ ಅಂತ ನಿಮ್ಮನ್ನೇ ಪಕ್ಕಕ್ಕಿಡ್ತಾರೆ. ಮೇಲ್ ಹೀಗಿರಲಿ: ‘ಇಂಥ ಕಂಪನಿ, ಇಂಥ ಪ್ಲಾಂಟ್, ಇಂಥ ಹುದ್ದೆಗೆ ಮಾತ್ರ ನನ್ನ ರೆಸ್ಯೂಮೆ ಕಳಿಸಲು ಒಪ್ಪಿಗೆ ಇದೆ. ಬೇರೆ ಹುದ್ದೆಗೆ ಕಳಿಸುವ ಮುನ್ನ ನನ್ನನ್ನು ಕೇಳಿ.’ ಒಂದು ಎಕ್ಸೆಲ್ ಶೀಟ್‌ನಲ್ಲಿ ತಾರೀಕು, ಕಂಪನಿ, ಹುದ್ದೆ, ಯಾರ ಮೂಲಕ ಅಂತ ಬರೆದಿಡಿ. ಯಾರಾದ್ರೂ ಕರೆದಾಗ ನೆನಪಿನ ಮೇಲೆ ‘ಹಾಂ ಕಳಿಸಿ’ ಅನ್ನೋದರಿಂದಲೇ ಡೂಪ್ಲಿಕೇಟ್ ಆಗೋದು.

ಫೋನಿನಲ್ಲಿ ಕೇಳಲೇಬೇಕಾದ್ದು: ಆನ್ ರೋಲಾ, ಥರ್ಡ್ ಪಾರ್ಟಿ ಪೇರೋಲಾ? ಬೆಂಗಳೂರಿನ ಪ್ಲಾಂಟುಗಳಲ್ಲಿ ಕ್ವಾಲಿಟಿ ಹುದ್ದೆ ಎಷ್ಟೋ ಆಫ್ ರೋಲ್. ದೊಡ್ಡ ಕಂಪನಿ ಹೆಸರು ಹೇಳ್ತಾರೆ, ಆಫರ್ ಲೆಟರ್ ಬರೋದು ಯಾವುದೋ ಸ್ಟಾಫಿಂಗ್ ಕಂಪನಿಯದ್ದು, ಎಕ್ಸ್‌ಪೀರಿಯನ್ಸ್ ಲೆಟರ್ ಕೊಡೋರೂ ಅವರೇ. ಕೆಟ್ಟದ್ದು ಅಂತಲ್ಲ, ಆದ್ರೆ ಗೊತ್ತಿದ್ದು ಸೇರಿ.

ಇನ್ನೊಂದು. ಎಲ್ಲೋ ಮೂರು ತಿಂಗಳು ಮಾಡಿ ಬಿಟ್ಟ ಕೆಲಸ ಇದ್ದರೆ ಮುಚ್ಚಿಡಬೇಡಿ. ಪಿಎಫ್ ಕಟ್ಟಿದ್ದರೆ ನಿಮ್ಮ ಯುಎಎನ್ ಅಂದ್ರೆ ಖಾಯಂ ಪಿಎಫ್ ನಂಬರಿನ ಸರ್ವಿಸ್ ಹಿಸ್ಟರಿಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಮೊದಲು ನೋಡೋದೇ ಅದನ್ನ. ಹಳೇ ಕಂಪನಿ ಬಿಟ್ಟ ದಿನಾಂಕ ಹಾಕದೆ ಬಿಟ್ಟಿದ್ದರೆ ಎರಡು ಕಡೆ ಒಟ್ಟಿಗೆ ದುಡಿದಂತೆ ಕಾಣುತ್ತೆ. ಇಪಿಎಫ್ಒ ಸೈಟಿಗೆ ಹೋಗಿ ಈಗಲೇ ನೋಡಿಟ್ಟುಕೊಳ್ಳಿ, ಆಫರ್ ಬಂದ ಮೇಲೆ ಅಲ್ಲ.

---

ಪೀಣ್ಯ 2ನೇ ಹಂತ:

ಎಲ್ಲರೂ ನೌಕ್ರಿಯನ್ನೇ ಹಿಡ್ಕೊಂಡಿದ್ದೀರಿ. ಪೀಣ್ಯದ ಸಣ್ಣ ಯೂನಿಟ್‌ಗಳು ಯಾವ ಡೇಟಾಬೇಸೂ ಕೊಂಡಿರಲ್ಲ. ಗೇಟಿಗೆ ಬೋರ್ಡ್ ಹಾಕ್ತಾರೆ, ಇಲ್ಲ ಒಳಗಿನವರ ವಾಟ್ಸಾಪ್‌ನಲ್ಲಿ ತಿರುಗುತ್ತೆ. ನಿಮ್ಮ ಶಾಪ್‌ಗೆ ಆಡಿಟ್‌ಗೆ ಬರೋ ಕಸ್ಟಮರ್ ಕ್ವಾಲಿಟಿಯವರು, ಗೇಜ್ ಕ್ಯಾಲಿಬ್ರೇಷನ್ ಲ್ಯಾಬಿನವರು, ಟೂಲ್ ಸಪ್ಲೈಯರ್‌ಗಳು, ಇವರಿಗೆ ಎಲ್ಲಿ ಯಾರು ಬಿಟ್ಟು ಹೋದ್ರು ಅನ್ನೋದು ಪೋಸ್ಟಿಂಗ್ ಬರೋ ಮುಂಚೆಯೇ ಗೊತ್ತಿರುತ್ತೆ. ಈಗಿನ ಕಸ್ಟಮರ್ ಕಂಪನಿಗೇ ಹೋಗೋದಾದ್ರೆ ಮಾತ್ರ ಹುಷಾರು, ಇಬ್ಬರ ನಡುವೆ ಪರಸ್ಪರ ಜನ ತಗೊಳ್ಳಬಾರದು ಅನ್ನೋ ಒಪ್ಪಂದ ಇರಬಹುದು.

ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್, ಕರ್ನಾಟಕದ ಸ್ಕಿಲ್ ಕನೆಕ್ಟ್ ಎರಡರಲ್ಲೂ ಪುಕ್ಕಟೆ ನೋಂದಣಿ. ಫ್ರೆಶರ್, ಐಟಿಐ ಹುಡುಗರಿಗೆ ಹೆಚ್ಚು ಉಪಯೋಗ, 4 ವರ್ಷದವರಿಗೆ ಕಡಿಮೆ. ಹಾಕಿಟ್ಟರೆ ನಷ್ಟ ಇಲ್ಲ.

---

ಉದ್ಯಮಬಾಗ್ ಕ್ಯೂಸಿ:

ಭಾಳ ಉಪಕಾರ ಆತ್ರಿ. ಪ್ರಿಫರ್ಡ್ ಲೊಕೇಶನ್‌ನಾಗ ಬೆಳಗಾವಿ, ಪುಣೆ ಅಷ್ಟ ಇತ್ತು, ಬದಲಿ ಮಾಡೀನಿ. ಇನ್ನೊಂದು ಕೇಳ್ತೀನಿ: 4.5 ಸಿಟಿಸಿ ಅಂದ್ರ ಕೈಗೆ ಎಷ್ಟು ಬರ್ತೈತಿ? ಎಕ್ಸ್‌ಪೆಕ್ಟೆಡ್ ಕಾಲಂನಾಗ ಏನು ಹಾಕ್ಲಿ?

---

ಪೇರೋಲ್ ಪುರಾಣ:

ಸಂಬಳದ ಬ್ರೇಕಪ್ (ಯಾವ ಭಾಗ ಎಷ್ಟು ಅನ್ನೋ ವಿವರ) ನೋಡದೆ ಹೇಳೋಕಾಗಲ್ಲ, ಆದ್ರೂ ಒಂದು ಮಾದರಿ. ಬೇಸಿಕ್ ಅರ್ಧ, ವೇರಿಯಬಲ್ (ಕೆಲಸ ನೋಡಿ ಕೊಡೋ, ಖಾತ್ರಿ ಇಲ್ಲದ ಭಾಗ) 10% ಅಂತಿಟ್ಕೊಳ್ಳಿ. 4,50,000ದಲ್ಲಿ ವೇರಿಯಬಲ್ 45,000, ಕಂಪನಿ ಕಡೆಯ ಪಿಎಫ್ ಬೇಸಿಕ್‌ನ 12% ಅಂದ್ರೆ 27,000, ಗ್ರಾಚ್ಯುಟಿ ಬೇಸಿಕ್‌ನ 4.81% ಅಂದ್ರೆ ಸುಮಾರು 10,800. ಉಳಿದದ್ದನ್ನ 12ರಿಂದ ಭಾಗಿಸಿದ್ರೆ ತಿಂಗಳಿಗೆ 30,600 ಹತ್ತಿರ. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 2,250, ಪ್ರೊಫೆಷನಲ್ ಟ್ಯಾಕ್ಸ್ 200 ಹೋದ್ರೆ ಕೈಗೆ 28,100ರ ಆಸುಪಾಸು. ಕ್ಯಾಂಟೀನ್, ಬಸ್ಸು ಕಟ್ ಮಾಡ್ತಾರಾ ಕೇಳಿ. ಪಿಎಫನ್ನ 15,000 ಬೇಸಿಕ್‌ಗೆ ಸೀಮಿತ ಮಾಡಿ 1,800 ಹಿಡಿಯೋ ಕಂಪನಿಯಲ್ಲಿ ಕೈಗೆ ಇನ್ನೊಂದು 900 ಹೆಚ್ಚು ಬರುತ್ತೆ, ಪಿಎಫ್ ಖಾತೆಯಲ್ಲಿ ಅಷ್ಟು ಕಡಿಮೆ ಬೀಳುತ್ತೆ.

ಎಕ್ಸ್‌ಪೆಕ್ಟೆಡ್ ಕಾಲಂನಲ್ಲಿ 4.5 ಅಂತಲೇ ಹಾಕಿ. ಚೌಕಾಸಿಗೆ ಇರಲಿ ಅಂತ 6 ಹಾಕಿದ್ರೆ 5 ಲಕ್ಷದ ಬಜೆಟ್ ಇರೋರ ಹುಡುಕಾಟದಲ್ಲೇ ನೀವು ಬರಲ್ಲ. ‘ವೇರಿಯಬಲ್ ಬಿಟ್ಟು ಫಿಕ್ಸೆಡ್ 4.5 ಬೇಕು’ ಅನ್ನೋ ಮಾತನ್ನ ಎಚ್‌ಆರ್ ಜೊತೆ ಫೋನಲ್ಲಿ ಆಡಿ. ಈಗಿನ ಸಿಟಿಸಿ ಸರಿಯಾಗಿ 3.2 ಅಂತಲೇ ಹೇಳಿ, ಮುಂದೆ ಪೇ ಸ್ಲಿಪ್ ಕೇಳ್ತಾರೆ. ಆಫರ್ ಲೆಟರ್ ಕಂಪನಿಯ ಅಧಿಕೃತ ಮೇಲ್ ವಿಳಾಸದಿಂದ ಬಂದು, ಬ್ರೇಕಪ್ ನೋಡಿ, ನೀವು ಒಪ್ಪಿ ಉತ್ತರ ಹಾಕೋವರೆಗೆ ಇಲ್ಲಿ ರಾಜೀನಾಮೆ ಕೊಡಬೇಡಿ. ‘ಸೆಲೆಕ್ಟ್ ಆಗಿದ್ದೀರಿ, ಪೇಪರ್ ಹಾಕಿ’ ಅಂತ ಕನ್ಸಲ್ಟೆನ್ಸಿ ಹುಡುಗ ವಾಟ್ಸಾಪ್ ಮಾಡಿದ್ದು ಆಫರ್ ಅಲ್ಲ.

---

ಫಿಲ್ಟರ್ ಕಾಫಿ:

ರಾಜೀನಾಮೆ ಕೊಟ್ಟ ದಿನವೇ ಪ್ರೊಫೈಲ್‌ನಲ್ಲಿ ‘ಸರ್ವಿಂಗ್ ನೋಟಿಸ್ ಪೀರಿಯಡ್’ ಆರಿಸಿ ಕೊನೇ ದಿನಾಂಕ ಹಾಕಿ. 15 ದಿನದೊಳಗೆ ಸೇರೋರು ಬೇಕು ಅನ್ನೋ ಹುಡುಕಾಟಗಳಲ್ಲಿ ಆಗ ಬರ್ತೀರಿ. ಕೈಯಲ್ಲಿರೋ ಆಫರ್ ಕೈಕೊಟ್ಟರೆ ಇನ್ನೊಂದು ಬರೋದು ಅಲ್ಲಿಂದಲೇ.