ಹತ್ತು ಅಂಕಗಳ ಹಾಳೆ: ಮನೆ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: [ಫೋಟೊ] ಪುಟ್ಟಿ, ಪರೀಕ್ಷೆಗೆ ಅನುಕೂಲ ಆಗುತ್ತೆ ಅಂತ ಕಳಿಸಿದ್ದೀನಿ. ಸರಾಸರಿ, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚೆದುರಿವೆ ಅನ್ನೋ ಅಳತೆ), ಸಂಭವನೀಯತೆ ಮೂರೂ ಒಂದೇ ಹಾಳೆಯಲ್ಲಿದೆ. "ಒಂದು ತರಗತಿಯ ಹತ್ತು ವಿದ್ಯಾರ್ಥಿಗಳ ಅಂಕಗಳು: 42, 45, 45, 48, 50, 52, 55, 58, 60, 95." ಉತ್ತರಗಳೂ ಕೆಳಗಿವೆ.

ಅತ್ತೆ: ಪುಟ್ಟಿ, ಇದನ್ನ ಇನ್ನೂ ನೋಟ್ಸಿಗೆ ಇಳಿಸ್ಕೋಬೇಡ. ಅಣ್ಣಾ, ಮೊದಲನೇ ಉತ್ತರದ ಕೊನೇ ಸಾಲು ಓದು. "ಸರಾಸರಿ 55, ಹಾಗಾಗಿ ಅರ್ಧದಷ್ಟು ವಿದ್ಯಾರ್ಥಿಗಳು 55ಕ್ಕಿಂತ ಹೆಚ್ಚು ಪಡೆದಿದ್ದಾರೆ" ಅಂತಿದೆ. ಎಣಿಸಿ ನೋಡಿ.

ನಾನು: 58, 60, 95. ಮೂರೇ ಜನ ಅತ್ತೆ. ಒಬ್ಬರದು ಸರಿಯಾಗಿ 55. ಮಿಕ್ಕ ಆರು ಜನ ಕೆಳಗಿದ್ದಾರೆ.

ದೊಡ್ಡಪ್ಪ: ಮೊತ್ತ 550, ಹತ್ತರಿಂದ ಭಾಗಿಸಿದ್ರೆ 55. ಲೆಕ್ಕ ಸರಿಯಾಗೇ ಇದೆಯಲ್ಲಮ್ಮ.

ಅತ್ತೆ: ಲೆಕ್ಕ ಸರಿ, ಅದರ ಮೇಲೆ ಹೇಳಿರೋ ಮಾತು ತಪ್ಪು. ಅರ್ಧ ಮೇಲೆ, ಅರ್ಧ ಕೆಳಗೆ ಅನ್ನೋದು ಮಧ್ಯಾಂಕದ ಗುಣ. ಏರಿಕೆ ಕ್ರಮದಲ್ಲಿ ಐದನೆಯದು 50, ಆರನೆಯದು 52, ಅವೆರಡರ ನಡುವೆ 51. ಸರಾಸರಿ ಅದಕ್ಕಿಂತ 4 ಮೇಲೆ ಹೋಗಿರೋದು 95ರ ಎಳೆತದಿಂದ.

ಚಿಕ್ಕಪ್ಪ: ಆ 95 ಬರೆಯುವಾಗ ಆದ ತಪ್ಪೇ ಇರ್ಬೇಕು ಅಕ್ಕಾ. 59 ತಿರುಗುಮುರುಗಾಗಿದೆ. ತೆಗೆದುಹಾಕಿದ್ರೆ ಆಯ್ತು.

ಅತ್ತೆ: ಇರಬಹುದು ಅನ್ನೋದಕ್ಕೆಲ್ಲ ತೆಗೆಯೋ ಹಾಗಿಲ್ಲಪ್ಪ. ಮೊದಲು ಮೂಲ ಪಟ್ಟಿ ನೋಡ್ಬೇಕು. ತಪ್ಪು ಅಂತ ಗೊತ್ತಾದ್ರೆ ತಿದ್ದು, ನಿಜವಾಗಿ 95 ಬಂದಿದ್ರೆ ಇರಲಿ ಬಿಡು. ಉಳಿದವುಗಳಿಂದ ತೀರಾ ದೂರ ಇರೋ ಸಂಖ್ಯೆ ಗುರುತಿಸೋಕೆ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಹೇಳಿಕೊಟ್ಟ ನಿಯಮ ಹಾಕಿ ನೋಡು: ಕೆಳಗಿನ ಐದರ ನಡುವಿನದು 45, ಮೇಲಿನ ಐದರ ನಡುವಿನದು 58, ಅಂತರ 13. ಅದರ ಒಂದೂವರೆ ಪಟ್ಟು 19.5. 58ಕ್ಕೆ ಕೂಡಿಸಿದ್ರೆ 77.5. 95 ಅದನ್ನ ದಾಟಿದೆ. ಈ ನಿಯಮ ಹೇಳೋದು "ಇದನ್ನ ಒಮ್ಮೆ ಪರೀಕ್ಷಿಸು" ಅಂತ ಅಷ್ಟೇ, "ಅಳಿಸು" ಅಂತ ಅಲ್ಲ.

ಚಿಕ್ಕಪ್ಪ: ಆ ಮೇಲಿನ ಅರ್ಧದ ನಡುವಿನ ಸಂಖ್ಯೆ, ಅಂದ್ರೆ ಮೇಲಿನ ಚತುರ್ಥಕ, ಎಕ್ಸೆಲ್‌ನಲ್ಲಿ 57.25 ಬರುತ್ತೆ, 58 ಅಲ್ಲ.

ಅತ್ತೆ: ಹೌದು, ಚತುರ್ಥಕಕ್ಕೆ ಒಂದಕ್ಕಿಂತ ಹೆಚ್ಚು ವಿಧಾನ ಇದೆ. ಪುಟ್ಟಿ, ನಿನ್ನ ಪಠ್ಯದಲ್ಲಿ ಯಾವುದಿದೆಯೋ ಅದನ್ನೇ ಹಾಕು. ಇಲ್ಲಿ ಯಾವುದನ್ನ ಹಾಕಿದ್ರೂ 95 ಹೊರಗೇ ಬೀಳುತ್ತೆ.

ನಾನು: 95ರ ಜಾಗಕ್ಕೆ 59 ಹಾಕಿ ಮಾಡಿದೆ. ಸರಾಸರಿ 51.4ಕ್ಕೆ ಇಳೀತು, ಮಧ್ಯಾಂಕ 51ರಲ್ಲೇ ನಿಂತಿದೆ!

ಅತ್ತೆ: ಅದೇ ನೋಡು. ಮಧ್ಯಾಂಕ ನೋಡೋದು ಸಾಲಿನಲ್ಲಿ ಯಾರು ನಡುವೆ ನಿಂತಿದ್ದಾರೆ ಅಂತ, ಕೊನೆಯವರು ಎಷ್ಟು ದೂರ ಇದ್ದಾರೆ ಅಂತಲ್ಲ.

ಚಿಕ್ಕಪ್ಪ: ಎರಡನೇ ಉತ್ತರಕ್ಕೆ ಬನ್ನಿ. ಮಾನಕ ವಿಚಲನೆ 14.44 ಅಂತ ಕೊಟ್ಟಿದ್ದಾರೆ. ತಪ್ಪು. 15.22 ಆಗ್ಬೇಕು. ಸರಾಸರಿಯಿಂದ ಇರೋ ವ್ಯತ್ಯಾಸಗಳ ವರ್ಗಗಳ ಮೊತ್ತ 2086ನ್ನ 9ರಿಂದ ಭಾಗಿಸಿ ವರ್ಗಮೂಲ ತೆಗೀಬೇಕು, ಇವರು 10ರಿಂದ ಭಾಗಿಸಿದ್ದಾರೆ.

ದೊಡ್ಡಪ್ಪ: ಹತ್ತು ಜನ ಇದ್ದಾಗ ಒಂಬತ್ತರಿಂದ ಯಾಕೆ ಭಾಗಿಸ್ಬೇಕು? ಶಾಲೆ ಪುಸ್ತಕದಲ್ಲಿ ಎಲ್ಲಾ ಕಡೆ ಒಟ್ಟು ಸಂಖ್ಯೆಯಿಂದಲೇ ಭಾಗಿಸೋದು. ಮಗುವಿನ ತಲೆ ಕೆಡಿಸ್ಬೇಡ.

ಅತ್ತೆ: ಇಬ್ಬರೂ ಅರ್ಧ ಸರಿ. ಹಾಳೆಯ ಮೊದಲ ಸಾಲು ನೋಡಿ, "ಒಂದು ತರಗತಿಯ ಹತ್ತು ವಿದ್ಯಾರ್ಥಿಗಳು". ತರಗತಿಯಲ್ಲಿ ಇರೋದೇ ಹತ್ತು ಜನವೋ, ಐವತ್ತರಲ್ಲಿ ಹತ್ತು ಜನರನ್ನ ಆರಿಸಿದ್ದೋ? ಇರೋದೇ ಹತ್ತಾದ್ರೆ 10ರಿಂದ ಭಾಗಿಸು, 14.44. ಹತ್ತು ಜನರನ್ನ ನೋಡಿ ಇಡೀ ತರಗತಿಯ ಚೆದುರುವಿಕೆ ಅಂದಾಜು ಮಾಡೋದಾದ್ರೆ 9, ಆಗ 15.22. ಈ ಜಗಳ ಹುಟ್ಟಿರೋದೇ ಪ್ರಶ್ನೆ ಬರೆದ ರೀತಿಯಿಂದ.

ನಾನು: ಆದ್ರೆ ಒಂದು ಯಾಕೆ ಕಳೀಬೇಕು ಅತ್ತೆ? ಬರೀ ಸೂತ್ರ ಅಂತ ಬಾಯಿಪಾಠ ಮಾಡೋದಾ?

ಅತ್ತೆ: ಬೇಡ, ಮಾಡಿ ನೋಡು. ಪ್ರತಿ ಅಂಕದಿಂದ 55 ಕಳೆ.

ನಾನು: −13, −10, −10, −7, −5, −3, 0, 3, 5, 40. ಕೂಡಿದ್ರೆ ಸೊನ್ನೆ.

ಅತ್ತೆ: ಸೊನ್ನೆ ಬರದಿದ್ರೆ ಎಲ್ಲೋ ಕಳೆಯುವಾಗ ತಪ್ಪಿದೆ ಅಂತ, ವರ್ಗ ಮಾಡೋ ಮುಂಚೆ ಅಲ್ಲೇ ಹಿಡಿದುಬಿಡು. ಈಗ, ಮೊತ್ತ ಸೊನ್ನೆ ಆಗಲೇಬೇಕಾದ್ರಿಂದ ಒಂಬತ್ತು ವ್ಯತ್ಯಾಸ ಗೊತ್ತಿದ್ರೆ ಹತ್ತನೆಯದು ತಾನಾಗೇ ಗೊತ್ತಾಗುತ್ತೆ. ಸ್ವತಂತ್ರವಾಗಿರೋದು ಒಂಬತ್ತೇ. ಇನ್ನೊಂದು ಮಾತು. 55ರ ಬದಲು 51 ಕಳೆದು ವರ್ಗ ಮಾಡಿ ಕೂಡು.

ನಾನು: 2246 ಬಂತು.

ಅತ್ತೆ: 2086ಕ್ಕಿಂತ ಹೆಚ್ಚು. ಯಾವ ಸಂಖ್ಯೆ ಕಳೆದ್ರೂ ಹೆಚ್ಚೇ ಬರುತ್ತೆ, ತನ್ನದೇ ಸರಾಸರಿಯಿಂದ ಅಳೆದಾಗ ಮಾತ್ರ ಅತಿ ಕಡಿಮೆ. ಇಡೀ ತರಗತಿಯ ನಿಜವಾದ ಸರಾಸರಿ ನಮಗೆ ಗೊತ್ತಿಲ್ಲ, ಆರಿಸಿದವರ ಸರಾಸರಿಯಿಂದಲೇ ಅಳೀತೀವಿ. ಹಾಗಾಗಿ ಚೆದುರುವಿಕೆ ಇರೋದಕ್ಕಿಂತ ಚಿಕ್ಕದಾಗಿ ಕಾಣುತ್ತೆ. 9ರಿಂದ ಭಾಗಿಸೋದು ಆ ಕೊರತೆ ತುಂಬೋಕೆ.

ದೊಡ್ಡಪ್ಪ: ಇದು ಒಪ್ಪೋ ಮಾತು. ಇನ್ನೊಂದು ಗಮನಿಸಿದೆ, 2086ರಲ್ಲಿ 1600 ಬರೀ ಆ 40ರ ವರ್ಗ. ಮುಕ್ಕಾಲು ಪಾಲು ಒಬ್ಬರದ್ದೇ!

ಚಿಕ್ಕಪ್ಪ: ಹೌದಣ್ಣ. 95 ಬಿಟ್ಟು, ಉಳಿದ ಒಂಬತ್ತು ಜನರ ಸರಾಸರಿ ಹೊಸದಾಗಿ ತೆಗೆದು, ಆ ಒಟ್ಟು ಸಂಖ್ಯೆ 9ರಿಂದಲೇ ಭಾಗಿಸಿದ್ರೆ ಮಾನಕ ವಿಚಲನೆ 5.85ಕ್ಕೆ ಬೀಳುತ್ತೆ.

ದೊಡ್ಡಪ್ಪ: ಮೂರನೇದಾದ್ರೂ ಸರಿ ಇದೆಯಲ್ಲ? "ಇಬ್ಬರನ್ನು ಆರಿಸಿದರೆ ಇಬ್ಬರೂ 55ಕ್ಕಿಂತ ಹೆಚ್ಚು ಪಡೆದವರಾಗಿರುವ ಸಂಭವನೀಯತೆ 3/10 × 3/10 = 9/100."

ಚಿಕ್ಕಪ್ಪ: ಮೊದಲನೆಯವರನ್ನ ಆರಿಸಿದ ಮೇಲೆ ಉಳಿಯೋದು ಒಂಬತ್ತು ಜನ, ಅವರಲ್ಲಿ ಹೆಚ್ಚು ಅಂಕದವರು ಇಬ್ಬರೇ. 3/10 × 2/9 = 6/90, ಅಂದ್ರೆ 1/15. ಒಬ್ಬರನ್ನೇ ಎರಡು ಸಲ ಆರಿಸೋಕಾಗುತ್ತಾ?

ದೊಡ್ಡಪ್ಪ: ಚೀಟಿ ಎತ್ತಿ ವಾಪಸ್ ಹಾಕಿದ್ರೆ ಆಗುತ್ತೆ. ಹಾಗೆ ಅಂದ್ಕೊಂಡೇ ಬರೆದಿರಬೇಕು.

ಅತ್ತೆ: "ಇಬ್ಬರನ್ನು" ಅಂದ್ಮೇಲೆ ಇಬ್ಬರು ಬೇರೆಬೇರೆಯವರೇ ಅಣ್ಣಾ. ವಾಪಸ್ ಹಾಕೋದಾದ್ರೆ ಅದನ್ನ ಬಾಯಿಬಿಟ್ಟು ಹೇಳ್ಬೇಕಿತ್ತು. 1/15 ಸರಿ.

ದೊಡ್ಡಪ್ಪ: ಸರಿ. ಹಾಗಾದ್ರೆ ಎರಡನೇ ಚೀಟಿಯಲ್ಲಿ ಹೆಚ್ಚು ಅಂಕದವರು ಬರೋ ಸಂಭವನೀಯತೆ 3/10 ಅಲ್ಲವೇ ಅಲ್ಲ, 2/9 ಅಂತಾಯ್ತು.

ಅತ್ತೆ: ಇಲ್ಲೇ ಬಹಳ ಜನ ಎಡವೋದು. ಮೊದಲ ಚೀಟಿ ಬಿಚ್ಚಿ ನೋಡಿ, ಅದರಲ್ಲಿ ಹೆಚ್ಚು ಅಂಕದವರಿದ್ರೆ 2/9. ಕಡಿಮೆ ಅಂಕದವರಿದ್ರೆ 3/9. ನೋಡದೇ ಬದಿಗಿಟ್ರೆ ಎರಡೂ ದಾರಿ ಕೂಡಿಸ್ಬೇಕು: 3/10 × 2/9 + 7/10 × 3/9 = 6/90 + 21/90 = 27/90. ಮತ್ತೆ 3/10!

ಚಿಕ್ಕಪ್ಪ: ಅಕ್ಕಾ, ಚೀಟಿ ಕಮ್ಮಿಯಾದ್ಮೇಲೂ ಅದೇನಾ?

ಅತ್ತೆ: ಹತ್ತೂ ಚೀಟಿ ಮುಚ್ಚಿ ಸಾಲಾಗಿ ಇಟ್ಟಿದ್ದೀನಿ ಅಂದ್ಕೋ. ಎರಡನೇ ಜಾಗಕ್ಕೂ ಮೊದಲನೇ ಜಾಗಕ್ಕೂ ಏನು ವ್ಯತ್ಯಾಸ? ಯಾವ ಚೀಟಿ ಬೇಕಾದ್ರೂ ಎಲ್ಲಿ ಬೇಕಾದ್ರೂ ಕೂತಿರಬಹುದು. ಬದಲಾಗೋದು ನಮಗೆ ಸುದ್ದಿ ಸಿಕ್ಕಾಗ ಮಾತ್ರ.

ನಾನು: ಹಾಳೆಯಲ್ಲಿ ಮುಂದೆ, ಇಬ್ಬರಲ್ಲಿ "ಕನಿಷ್ಠ ಒಬ್ಬರು" ಹೆಚ್ಚು ಅಂಕದವರು ಅನ್ನೋದಕ್ಕೆ 3/10 + 3/10 = 6/10 ಅಂತ ಬರೆದಿದ್ದಾರೆ. ಇಬ್ಬರೂ ಹೆಚ್ಚು ಇರೋದು ಎರಡು ಸಲ ಎಣಿಕೆ ಆಗಿದೆ ಅಲ್ವಾ?

ಅತ್ತೆ: ಸರಿಯಾಗಿ ಹಿಡಿದೆ. 6/10ರಲ್ಲಿ 6/90 ಕಳೆ.

ನಾನು: 48/90, ಅಂದ್ರೆ 8/15. ಇನ್ನೊಂದು ದಾರೀಲೂ ನೋಡಿದೆ. ಒಬ್ಬರೂ ಇಲ್ಲದಿರೋದು 7/10 × 6/9 = 42/90, 1ರಲ್ಲಿ ಅದನ್ನ ಕಳೆದ್ರೂ 48/90.

ದೊಡ್ಡಪ್ಪ: ಹಾಳೆ ತಿದ್ದಿ ಕಳಿಸ್ತೀನಿ. ಮೊದಲ ಸಾಲು "ಹತ್ತು ವಿದ್ಯಾರ್ಥಿಗಳಷ್ಟೇ ಇರುವ ತರಗತಿ" ಅಂತ ಮಾಡ್ತೀನಿ, 14.44 ಹಾಗೇ ಇರುತ್ತೆ. "ಅರ್ಧದಷ್ಟು" ಸಾಲು ಹೊಡೆದುಹಾಕಿ ಮಧ್ಯಾಂಕ 51 ಸೇರಿಸ್ತೀನಿ. ಮೂರನೇದಕ್ಕೆ "ಚೀಟಿ ವಾಪಸ್ ಹಾಕದೆ", ಉತ್ತರ 1/15 ಮತ್ತು 8/15. ಸರೀನಾ?

ಅತ್ತೆ: ಸರಿ ಅಣ್ಣಾ. 95ರ ಪಕ್ಕ ಒಂದು ನಕ್ಷತ್ರ ಹಾಕಿ "ಮೂಲ ಪಟ್ಟಿ ನೋಡಿ" ಅಂತ ಬರಿ.